ಎರಡೋ ನಾಲ್ಕೋ: ಸ್ಪೋರ್ಟ್ ಬೈಕ್ ಎಂಜಿನ್‌ಗಳ ಮುಂದಿನ ದಾರಿ

2023ರಲ್ಲಿ ಮೂರೇ ತಿಂಗಳ ಅಂತರದಲ್ಲಿ ಭಾರತದ ಮಾರುಕಟ್ಟೆಗೆ ಎರಡು ಸ್ಪೋರ್ಟ್ ಬೈಕ್‌ಗಳು ಬಂದವು. ಸೆಪ್ಟೆಂಬರ್‌ನಲ್ಲಿ ಬಂದದ್ದು ಕವಾಸಾಕಿ ನಿಂಜಾ ಝಡ್‌ಎಕ್ಸ್-4ಆರ್. ಅದು 399 ಸಿಸಿ, ನಾಲ್ಕು ಸಿಲಿಂಡರ್, 77 ಅಶ್ವಶಕ್ತಿಯ ಬೈಕು. ಡಿಸೆಂಬರ್‌ನಲ್ಲಿ ಬಂದ ಏಪ್ರಿಲಿಯಾ ಆರ್‌ಎಸ್ 457ಕ್ಕೆ ಇರುವುದು ಎರಡು ಸಿಲಿಂಡರ್, 457 ಸಿಸಿ, 47.6 ಅಶ್ವಶಕ್ತಿ. ಬಿಡುಗಡೆಯಾದಾಗ ಮೊದಲನೆಯದರ ಎಕ್ಸ್ ಶೋರೂಂ ಬೆಲೆ 8.49 ಲಕ್ಷ ರೂಪಾಯಿ, ಎರಡನೆಯದರದು 4.10 ಲಕ್ಷ. ಚಿಕ್ಕ ಎಂಜಿನ್ನಿಗೇ ಹೆಚ್ಚು ಶಕ್ತಿ, ಅದಕ್ಕೇ ಇಮ್ಮಡಿ ಬೆಲೆ.

ಬೆಲೆಯ ಅಂತರದಲ್ಲಿ ಒಂದು ಪಾಲು ಆಮದು ಸುಂಕದ್ದು. ಕವಾಸಾಕಿ ಹೊರದೇಶದಿಂದ ಬರುತ್ತದೆ, ಏಪ್ರಿಲಿಯಾ ಮಹಾರಾಷ್ಟ್ರದ ಬಾರಾಮತಿಯಲ್ಲಿ ತಯಾರಾಗುತ್ತದೆ. ಶಕ್ತಿಯ ಅಂತರದಲ್ಲೂ ಒಂದು ಪಾಲು ಕಾನೂನಿನದು. ಯುರೋಪಿನ ಎ2 ಲೈಸೆನ್ಸ್ ಇರುವವರು ಓಡಿಸಬಹುದಾದ ಬೈಕಿನ ಗರಿಷ್ಠ ಶಕ್ತಿ 35 ಕಿಲೋವ್ಯಾಟ್, ಅಂದರೆ ಸರಿಯಾಗಿ 47.6 ಅಶ್ವಶಕ್ತಿ. ಇವೆರಡನ್ನೂ ಕಳೆದ ಮೇಲೂ ಉಳಿಯುವ ವ್ಯತ್ಯಾಸವೇ ನಿಜವಾದದ್ದು. ಅದು ಎಲ್ಲಿಂದ ಬರುತ್ತದೆ ಎಂದು ಅರ್ಥವಾದರೆ ಟ್ವಿನ್ (ಎರಡು ಸಿಲಿಂಡರ್) ಮತ್ತು ಫೋರ್ (ನಾಲ್ಕು ಸಿಲಿಂಡರ್) ಎಂಜಿನ್‌ಗಳಲ್ಲಿ ಮುಂದೆ ಯಾವುದು ಎಲ್ಲಿ ಉಳಿಯುತ್ತದೆ ಎಂಬುದೂ ತಿಳಿಯುತ್ತದೆ.

ಪಿಸ್ಟನ್ನಿನ ವೇಗಕ್ಕೆ ಒಂದು ಮಿತಿ

ಎಂಜಿನ್ನಿನ ಶಕ್ತಿ ಎರಡು ಸಂಗತಿಗಳ ಗುಣಾಕಾರ: ಕ್ರ್ಯಾಂಕನ್ನು ತಿರುಗಿಸುವ ಬಲ, ಅಂದರೆ ಟಾರ್ಕ್, ಮತ್ತು ನಿಮಿಷಕ್ಕೆ ಅದು ತಿರುಗುವ ಸುತ್ತುಗಳು, ಅಂದರೆ ಆರ್‌ಪಿಎಂ. ಟಾರ್ಕ್ ಬಹುಮಟ್ಟಿಗೆ ಸಿಸಿಗೆ ಕಟ್ಟುಬಿದ್ದದ್ದು. ಅದೇ ಸಿಸಿಯಲ್ಲಿ ಹೆಚ್ಚು ಶಕ್ತಿ ಬೇಕೆಂದರೆ ಸುತ್ತು ಹೆಚ್ಚಿಸಬೇಕು.

ಸುತ್ತಿಗೆ ಅಡ್ಡಬರುವುದು ಪಿಸ್ಟನ್. ಪ್ರತಿ ಸುತ್ತಿನಲ್ಲೂ ಅದು ಮೇಲೆ ನಿಂತು, ಕೆಳಗೆ ಓಡಿ, ಮತ್ತೆ ನಿಂತು, ಮೇಲೆ ಓಡಬೇಕು. ಸುತ್ತು ಏರಿದಂತೆ ಕನೆಕ್ಟಿಂಗ್ ರಾಡ್, ಬೇರಿಂಗ್‌ಗಳ ಮೇಲಿನ ಎಳೆತ ಏರುತ್ತದೆ. ಹಾಗಾಗಿ ಪಿಸ್ಟನ್ನಿನ ಸರಾಸರಿ ವೇಗ ಎಷ್ಟಿರಬಹುದು ಎಂಬುದಕ್ಕೆ ಲೋಹವೇ ಒಂದು ಮಿತಿ ಹಾಕುತ್ತದೆ.

ಈಗ ಲೆಕ್ಕ ನೋಡಿ. ಆರ್‌ಎಸ್ 457ರ ಬೋರ್ (ಸಿಲಿಂಡರಿನ ವ್ಯಾಸ) 69 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 61.1. ಗರಿಷ್ಠ ಶಕ್ತಿ ಬರುವ 9,400 ಆರ್‌ಪಿಎಂನಲ್ಲಿ ಅದರ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 19.1 ಮೀಟರ್. ಝಡ್‌ಎಕ್ಸ್-4ಆರ್‌ನ ಬೋರ್ 57, ಸ್ಟ್ರೋಕ್ ಬರೀ 39.1. ಅದು ಗರಿಷ್ಠ ಶಕ್ತಿ ಕೊಡುವ 14,500 ಆರ್‌ಪಿಎಂನಲ್ಲಿ ಪಿಸ್ಟನ್ನಿನ ವೇಗ ಸುಮಾರು 18.9 ಮೀಟರ್. ಒಂದು ಎಂಜಿನ್ ಇನ್ನೊಂದಕ್ಕಿಂತ ಐದು ಸಾವಿರ ಸುತ್ತು ಹೆಚ್ಚು ತಿರುಗುತ್ತಿದೆ, ಆದರೆ ಎರಡರ ಪಿಸ್ಟನ್ನುಗಳೂ ಒಂದೇ ವೇಗದಲ್ಲಿ ಓಡುತ್ತಿವೆ.

ನಾಲ್ಕು ಸಿಲಿಂಡರ್‌ನ ಗುಟ್ಟು ಇಷ್ಟೇ. ಸಿಸಿಯನ್ನು ನಾಲ್ಕು ಪಾಲು ಮಾಡಿದರೆ ಸ್ಟ್ರೋಕ್ ಗಿಡ್ಡವಾಗುತ್ತದೆ, ಪಿಸ್ಟನ್, ವಾಲ್ವ್ ಎಲ್ಲ ಹಗುರವಾಗುತ್ತವೆ, ಅದೇ ಮಿತಿಯೊಳಗೆ ಹೆಚ್ಚು ಸುತ್ತು ಸಿಗುತ್ತದೆ. ಕವಾಸಾಕಿ 2020ರಲ್ಲಿ ಇಂಡೊನೇಷ್ಯಾಕ್ಕೆ ಕೊಟ್ಟ 250 ಸಿಸಿಯ ಝಡ್‌ಎಕ್ಸ್-25ಆರ್ 15,000 ಆರ್‌ಪಿಎಂ ದಾಟಿದ ಮೇಲೆ ತನ್ನ ಪೂರ್ಣ ಶಕ್ತಿ ತೋರಿಸುವುದೂ ಇದೇ ಕಾರಣಕ್ಕೆ. ಹಾಗೆಂದು ಟ್ವಿನ್ ಸೋತಿತು ಎಂದಲ್ಲ. ಏಪ್ರಿಲಿಯಾ ಆರ್‌ಎಸ್ 660 ಬಿಡುಗಡೆಯಾದಾಗ ಎರಡೇ ಸಿಲಿಂಡರ್‌ನಲ್ಲಿ 659 ಸಿಸಿಯಿಂದ 100 ಅಶ್ವಶಕ್ತಿ ತೆಗೆಯಿತು. ಅದಕ್ಕಾಗಿ 10,500 ಆರ್‌ಪಿಎಂ ಮುಟ್ಟಬೇಕಿತ್ತು, ಪಿಸ್ಟನ್ನನ್ನು ಸೆಕೆಂಡಿಗೆ 22 ಮೀಟರ್ ದಾಟಿಸಬೇಕಿತ್ತು.

ರಸ್ತೆಗೆ ಎಷ್ಟು ಸುತ್ತು ಬೇಕು?

ಗರಿಷ್ಠ ಶಕ್ತಿಯ ಅಂಕಿ ಎಂಜಿನ್ನಿನ ಒಂದೇ ಒಂದು ಕ್ಷಣದ ಮಾತು. ಸವಾರ ಕಳೆಯುವ ಹೊತ್ತು ಅದಕ್ಕಿಂತ ಬಹಳ ಕೆಳಗೆ. ಆರ್‌ಎಸ್ 457ರ ಗರಿಷ್ಠ ಟಾರ್ಕ್ 43.5 ನ್ಯೂಟನ್ ಮೀಟರ್ ಬರುವುದು 6,700 ಆರ್‌ಪಿಎಂನಲ್ಲಿ. ಅಲ್ಲಿಗೆ ಅದು ತನ್ನ 47.6ರಲ್ಲಿ 41 ಅಶ್ವಶಕ್ತಿ ಕೊಟ್ಟಾಗಿರುತ್ತದೆ. ಝಡ್‌ಎಕ್ಸ್-4ಆರ್‌ನ ಗರಿಷ್ಠ ಟಾರ್ಕ್ 39 ನ್ಯೂಟನ್ ಮೀಟರ್, ಅದೂ 13,000 ಆರ್‌ಪಿಎಂನಲ್ಲಿ.

ಚಾರ್ಮಾಡಿ ಘಾಟಿಯ ತಿರುವಿನಿಂದ ಹೊರಬರುವಾಗ ಇದರ ಅರ್ಥ ಮೈಗೇ ತಿಳಿಯುತ್ತದೆ. ಟ್ವಿನ್ ಇದ್ದ ಗೇರಿನಲ್ಲೇ ಮುಂದಕ್ಕೆ ಎಳೆಯುತ್ತದೆ. ಫೋರ್‌ನಿಂದ ಅಷ್ಟೇ ಎಳೆತ ಬೇಕಾದರೆ ಒಂದು ಗೇರ್, ಕೆಲವೊಮ್ಮೆ ಎರಡು ಗೇರ್ ಇಳಿಸಬೇಕು. ಹಾಗೆ ಇಳಿಸಿ, ಆಕ್ಸಿಲರೇಟರ್ ತೆರೆದು, ಸೂಜಿ ಹತ್ತು ಸಾವಿರ ದಾಟುವಾಗ ಏಳುವ ಆ ದನಿ, ಆ ಸೆಳೆತ ಬೇರೆ ಯಾವ ಎಂಜಿನ್ನಿಗೂ ಇಲ್ಲ. 1969ರ ಹೋಂಡಾ ಸಿಬಿ750 ನಾಲ್ಕು ಸಿಲಿಂಡರನ್ನು ಮಧ್ಯಮ ವರ್ಗದ ಕೈಗೆ ತಂದಾಗಿನಿಂದ ಜನ ಅದಕ್ಕೆ ಮನಸೋತದ್ದರಲ್ಲಿ ಸೋಜಿಗವಿಲ್ಲ. ಆದರೆ ಅದರ ಶ್ರೇಷ್ಠ ಭಾಗ ಎಷ್ಟು ಹೊತ್ತು ಕೈಗೆ ಸಿಗುತ್ತದೆ ಎಂಬ ಪ್ರಶ್ನೆ ರಸ್ತೆಯಲ್ಲಿ ಬಗೆಹರಿಯದೆ ಉಳಿಯುತ್ತದೆ.

270 ಡಿಗ್ರಿ ಕ್ರ್ಯಾಂಕ್ ಮಾಡಿದ ಬದಲಾವಣೆ

ಸಾಮಾನ್ಯ ಇನ್‌ಲೈನ್ ಫೋರ್‌ನಲ್ಲಿ ಹೊರಗಿನ ಎರಡು ಪಿಸ್ಟನ್ ಮೇಲಿದ್ದಾಗ ಒಳಗಿನ ಎರಡು ಕೆಳಗಿರುತ್ತವೆ. ದೊಡ್ಡ ಅದುರು ಒಂದನ್ನೊಂದು ಕಳೆಯುತ್ತದೆ. ಸುತ್ತಿಗೆ ಎರಡು ಸಲದಂತೆ ಬರುವ ಸಣ್ಣ ಅದುರು ಉಳಿದು ಹ್ಯಾಂಡಲ್ಲಿನಲ್ಲಿ ಜುಮ್ಮೆನ್ನುತ್ತದೆ. ಹಳೆಯ ಬ್ರಿಟಿಷ್ ಟ್ವಿನ್‌ಗಳಲ್ಲಿ ಎರಡೂ ಪಿಸ್ಟನ್ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತಿದ್ದವು, ಹಾಗಾಗಿ ಅದುರು ವಿಪರೀತ. 180 ಡಿಗ್ರಿ ಟ್ವಿನ್‌ನಲ್ಲಿ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಅದುರು ಕಡಿಮೆ, ಆದರೆ ಎಂಜಿನ್ ಅಕ್ಕಪಕ್ಕ ತೂಗುತ್ತದೆ.

1995ರಲ್ಲಿ ಯಮಹಾ ಟಿಆರ್‌ಎಕ್ಸ್850ರಲ್ಲಿ ಕ್ರ್ಯಾಂಕ್ ಪಿನ್‌ಗಳನ್ನು 270 ಡಿಗ್ರಿಗೆ ಜೋಡಿಸಿತು. ಇದನ್ನು ಸೈಕಲ್ ಪೆಡಲ್‌ನಿಂದ ಅರಿಯಬಹುದು. ಪೆಡಲ್‌ಗಳು ಎದುರುಬದುರಾಗಿರುವುದರಿಂದ ಒಂದು ಮೇಲ್ತುದಿಗೆ ಬಂದಾಗ ಇನ್ನೊಂದು ಕೆಳತುದಿಯಲ್ಲಿರುತ್ತದೆ, ಆ ಕ್ಷಣ ಎರಡು ಕಾಲಿಗೂ ಬಲ ಸಿಗದು. ಒಂದು ಪೆಡಲನ್ನು ಕಾಲು ಸುತ್ತು ಸರಿಸಿ ಜೋಡಿಸಿದರೆ ಎರಡೂ ಒಟ್ಟಿಗೆ ತುದಿ ಮುಟ್ಟುವುದೇ ಇಲ್ಲ. 270 ಡಿಗ್ರಿ ಎಂಜಿನ್ನಿನಲ್ಲೂ ಒಂದು ಪಿಸ್ಟನ್ ನಿಂತಾಗ ಇನ್ನೊಂದು ಹೆಚ್ಚುಕಡಿಮೆ ಪೂರ್ಣ ವೇಗದಲ್ಲಿರುತ್ತದೆ. ಕ್ರ್ಯಾಂಕಿನ ವೇಗದಲ್ಲಿ ಎಳೆದಾಟ ಕಡಿಮೆಯಾಗಿ, ಸವಾರ ಆಕ್ಸಿಲರೇಟರ್ ತಿರುಗಿಸಿದ್ದಕ್ಕೆ ಹಿಂದಿನ ಟಯರ್ ಕೊಡುವ ಉತ್ತರ ಸ್ಪಷ್ಟವಾಗುತ್ತದೆ. ಉಳಿದ ಅದುರನ್ನು ಬ್ಯಾಲೆನ್ಸರ್ ಶಾಫ್ಟ್ ನುಂಗುತ್ತದೆ. ಸ್ಫೋಟಗಳು 270 ಮತ್ತು 450 ಡಿಗ್ರಿ ಅಂತರದಲ್ಲಿ ಆಗುವುದರಿಂದ ದನಿ ವಿ-ಟ್ವಿನ್‌ನಂತೆ ಕೇಳುತ್ತದೆ.

ಮೈಸೂರಿನ ಐಡಿಯಲ್ ಜಾವಾ 1980ರ ದಶಕದಲ್ಲಿ ಯೆಜ್ಡಿ 350 ಟ್ವಿನ್ ತಯಾರಿಸುತ್ತಿತ್ತು. ಆ ಟೂ-ಸ್ಟ್ರೋಕ್ ಕಾಲದ ನಂತರ ನಮ್ಮ ರಸ್ತೆಗಳಿಗೆ ಟ್ವಿನ್ ದನಿ ದೊಡ್ಡ ಪ್ರಮಾಣದಲ್ಲಿ ಮರಳಿದ್ದು 2018ರ ರಾಯಲ್ ಎನ್‌ಫೀಲ್ಡ್ 650ಗಳಿಂದ. ಅವುಗಳದ್ದೂ 270 ಡಿಗ್ರಿ ಕ್ರ್ಯಾಂಕ್. ಇಂದು ಯಮಹಾ ಆರ್7, ಸುಜುಕಿ ಜಿಎಸ್‌ಎಕ್ಸ್-8ಆರ್, ಏಪ್ರಿಲಿಯಾದ 457, 660 ಎಲ್ಲವೂ ಅದೇ ದಾರಿ ಹಿಡಿದಿವೆ. ‘ಟ್ವಿನ್ ಎಂದರೆ ಗಡಗಡ’ ಎಂಬ ಹಳೆಯ ಆಕ್ಷೇಪಕ್ಕೆ ಈಗ ಹೆಚ್ಚು ಹುರುಳಿಲ್ಲ.

ಹೊಗೆಯ ಲೆಕ್ಕ, ಹಣದ ಲೆಕ್ಕ

1999ರಲ್ಲಿ ಹುಟ್ಟಿದ ಯಮಹಾ ಆರ್6 ನಾಲ್ಕು ಸಿಲಿಂಡರ್ 600ಗಳ ಮೇರು. 2020ರ ನಂತರ ಯುರೋಪಿನಲ್ಲಿ ಅದು ರಸ್ತೆಗೆ ಸಿಗಲಿಲ್ಲ, ಟ್ರ್ಯಾಕಿಗೆ ಮಾತ್ರ ಉಳಿಯಿತು. 2021ರ ಜನವರಿಯಿಂದ ಅಲ್ಲಿ ಯುರೋ 5 ಹೊಗೆ ನಿಯಮ ಎಲ್ಲ ಹೊಸ ಬೈಕುಗಳಿಗೂ ಕಡ್ಡಾಯವಾಯಿತು. ಸುಡದೆ ಹೊರಬೀಳುವ ಹೈಡ್ರೋಕಾರ್ಬನ್‌ಗಳ ಮಿತಿ ಕಿಲೋಮೀಟರಿಗೆ 170 ಮಿಲಿಗ್ರಾಂನಿಂದ 100ಕ್ಕೆ ಇಳಿಯಿತು. ಭಾರತದಲ್ಲಿ ಅಂಥದೇ ಬಿಎಸ್6 ನಿಯಮ ಅದಕ್ಕೂ ಮೊದಲೇ, 2020ರ ಏಪ್ರಿಲ್ 1ರಂದು ಜಾರಿಗೆ ಬಂದಿತ್ತು.

ಹೆಚ್ಚು ಸುತ್ತಿನ ಫೋರ್‌ಗೆ ಇದು ಕಷ್ಟವಾಗುವುದು ಎರಡು ಕಾರಣಕ್ಕೆ. ಮೊದಲನೆಯದು ವಾಲ್ವ್‌ಗಳ ಓವರ್‌ಲ್ಯಾಪ್. 14,000 ಆರ್‌ಪಿಎಂನಲ್ಲಿ ಉಸಿರಾಡಲು ಸಮಯವೇ ಇಲ್ಲ. ಆದ್ದರಿಂದ ಎಕ್ಸಾಸ್ಟ್ ವಾಲ್ವ್ ಮುಚ್ಚುವ ಮುಂಚೆಯೇ ಇನ್‌ಟೇಕ್ ವಾಲ್ವ್ ತೆರೆಯುವಂತೆ ಕ್ಯಾಮ್ ರೂಪಿಸುತ್ತಾರೆ. ಮೇಲಿನ ಸುತ್ತಿನಲ್ಲಿ ಇದು ವರ. ಮೂರು ನಾಲ್ಕು ಸಾವಿರದಲ್ಲಿ ಹೋಗುವಾಗ ಉರಿಯುವಿಕೆ ಕೆಡುತ್ತದೆ, ಸುಡದ ಇಂಧನ ನೇರ ಸೈಲೆನ್ಸರಿಗೆ ಜಾರುತ್ತದೆ. ಹೊಗೆ ಪರೀಕ್ಷೆ ಅಳೆಯುವುದು ಊರು, ಹೆದ್ದಾರಿಗಳ ಸಾಮಾನ್ಯ ಓಟವನ್ನೇ. ಎರಡನೆಯದು ಜಾಮಿತಿ. ಅದೇ ಸಿಸಿಯನ್ನು ಎರಡರ ಬದಲು ನಾಲ್ಕು ಸಿಲಿಂಡರ್‌ಗೆ ಹಂಚಿದರೆ ಒಳಗಿನ ಒಟ್ಟು ಗೋಡೆಯ ವಿಸ್ತೀರ್ಣ ಸುಮಾರು ಶೇ 26ರಷ್ಟು ಹೆಚ್ಚುತ್ತದೆ. ತಣ್ಣನೆಯ ಗೋಡೆಗೆ ಅಂಟಿದ ಪದರ, ಪಿಸ್ಟನ್ ರಿಂಗ್ ಸಂದುಗಳಲ್ಲಿ ಅವಿತ ಮಿಶ್ರಣ ಪೂರ್ತಿ ಉರಿಯುವುದಿಲ್ಲ.

ಇವು ಪರಿಹಾರವಿಲ್ಲದ ಸಮಸ್ಯೆಗಳಲ್ಲ. ಹೋಂಡಾ ಸಿಬಿಆರ್600ಆರ್‌ಆರ್ 2024ರಲ್ಲಿ ಯುರೋಪಿಗೆ ಮರಳಿತು, ಕವಾಸಾಕಿಯ 636 ಸಿಸಿ ಝಡ್‌ಎಕ್ಸ್-6ಆರ್ ಕೂಡ ಬಂತು. ಆದ್ದರಿಂದ ಕಾನೂನೇ ಫೋರ್‌ಗಳನ್ನು ಕೊಂದಿತು ಎನ್ನುವುದು ಅರ್ಧ ಸತ್ಯ. 2008ರ ಆರ್ಥಿಕ ಕುಸಿತದ ನಂತರ ಪಶ್ಚಿಮದಲ್ಲಿ 600 ಸಿಸಿ ಸೂಪರ್‌ಸ್ಪೋರ್ಟ್ ಕೊಳ್ಳುವವರೇ ಕಡಿಮೆಯಾದರು. ಎಂಜಿನ್ನನ್ನು ಹೊಸ ನಿಯಮಕ್ಕೆ ಒಗ್ಗಿಸುವ ಖರ್ಚನ್ನು ಕೆಲವೇ ಬೈಕುಗಳ ಮೇಲೆ ಹೊರಿಸುವುದು ಕಷ್ಟವಾಯಿತು. ಟ್ವಿನ್‌ಗೆ ಎಂಟು ವಾಲ್ವ್, ಎರಡು ಪಿಸ್ಟನ್, ಎರಡು ಇಂಜೆಕ್ಟರ್ ಸಾಕು. ಫೋರ್‌ಗೆ ಹದಿನಾರು ವಾಲ್ವ್, ಉಳಿದದ್ದೆಲ್ಲ ಎರಡರಷ್ಟು. ಮೇಲಾಗಿ ಒಂದೇ ಟ್ವಿನ್ ಎಂಜಿನ್ನನ್ನು ಸ್ಪೋರ್ಟ್, ನೇಕೆಡ್, ಅಡ್ವೆಂಚರ್ ಮೂರರಲ್ಲೂ ಕೂರಿಸಬಹುದು. ಯಮಹಾದ 689 ಸಿಸಿ ಟ್ವಿನ್ ಆರ್7, ಎಂಟಿ-07, ಟೆನೆರೆ 700 ಮೂರರಲ್ಲೂ ಇದೆ. 

ರೇಸಿನ ಸಾಕ್ಷಿ

1988ರಲ್ಲಿ ವಿಶ್ವ ಸೂಪರ್‌ಬೈಕ್ ಚಾಂಪಿಯನ್‌ಶಿಪ್ ಶುರುವಾದಾಗ ಫೋರ್‌ಗಳಿಗೆ 750 ಸಿಸಿ, ಟ್ವಿನ್‌ಗಳಿಗೆ 1000 ಸಿಸಿ ಎಂಬ ನಿಯಮವಿತ್ತು. ಆ ರಿಯಾಯಿತಿಯ ಬಲದಲ್ಲಿ ಡುಕಾಟಿಯ ಟ್ವಿನ್‌ಗಳು ಮೆರೆದವು. ಕಾರ್ಲ್ ಫೋಗಾರ್ಟಿ ನಾಲ್ಕು ಪ್ರಶಸ್ತಿ ಗೆದ್ದರು. ಹೋಂಡಾ ಕೂಡ ವಿ-ಟ್ವಿನ್ ಕಟ್ಟಿ 2000 ಮತ್ತು 2002ರಲ್ಲಿ ಕಾಲಿನ್ ಎಡ್ವರ್ಡ್ಸ್ ಅವರಿಂದ ಗೆಲ್ಲಿಸಿಕೊಂಡಿತು. 2003ರಲ್ಲಿ ಫೋರ್‌ಗಳಿಗೂ 1000 ಸಿಸಿ ಸಿಕ್ಕಿತು, 2008ರಲ್ಲಿ ಟ್ವಿನ್‌ಗಳಿಗೆ 1200 ಕೊಡಬೇಕಾಯಿತು. ಟ್ವಿನ್ ಮೇಲೆ ಕೊನೆಯ ಪ್ರಶಸ್ತಿ 2011ರಲ್ಲಿ ಕಾರ್ಲೋಸ್ ಚೆಕಾ ಅವರದ್ದು. 2018ಕ್ಕೆ ಡುಕಾಟಿಯೇ ಪಾನಿಗಾಲೆ ವಿ4 ತಂದು ತನ್ನ ಅತ್ಯುನ್ನತ ಬೈಕನ್ನು ನಾಲ್ಕು ಸಿಲಿಂಡರ್‌ಗೆ ಬದಲಿಸಿತು.

ಸೂಪರ್‌ಸ್ಪೋರ್ಟ್ ವಿಭಾಗದಲ್ಲಿ ಕಥೆ ಬೇರೆ. 2022ರಿಂದ 600 ಫೋರ್‌ಗಳ ಜೊತೆಗೆ 955 ಸಿಸಿಯ ಡುಕಾಟಿ ವಿ2, 765 ಸಿಸಿಯ ಟ್ರಯಂಫ್ ಮೂರು ಸಿಲಿಂಡರ್‌ನಂಥವಕ್ಕೂ ಅವಕಾಶ ಸಿಕ್ಕಿತು. ಶಕ್ತಿಯನ್ನು ನಿಯಮಗಳೇ ಸಮ ಮಾಡುತ್ತವೆ. 2023ರಲ್ಲಿ ನಿಕೊಲೊ ಬುಲೆಗಾ, 2024ರಲ್ಲಿ ಆಡ್ರಿಯನ್ ಹುಯೆರ್ಟಾಸ್ ಡುಕಾಟಿ ಟ್ವಿನ್ ಮೇಲೆಯೇ ಗೆದ್ದರು. ಸಿಸಿ ಸಮವಾಗಿದ್ದರೆ ಮೇಲುಗೈ ಫೋರ್‌ನದು. ಸಮವಾಗಿರಲೇಬೇಕು ಎಂಬ ಹಟ ಬಿಟ್ಟರೆ ಟ್ವಿನ್ ಹಿಂದೆ ಬೀಳಬೇಕಾಗಿಲ್ಲ.

ಮುಂದೆ ಏನಾಗಬಹುದು?

ಡುಕಾಟಿಯ 2025ರ ಪಾನಿಗಾಲೆ ವಿ2 ಇದಕ್ಕೆ ಒಳ್ಳೆಯ ಸುಳಿವು. ಹಳೆಯ 955 ಸಿಸಿ ಎಂಜಿನ್ 155 ಅಶ್ವಶಕ್ತಿ ಕೊಡುತ್ತಿತ್ತು. ಹೊಸದು 890 ಸಿಸಿ, 120 ಅಶ್ವಶಕ್ತಿ. ಡುಕಾಟಿಯ ಹೆಗ್ಗುರುತಾದ ಡೆಸ್ಮೊ ವಾಲ್ವ್ ವ್ಯವಸ್ಥೆಯನ್ನೂ ಬಿಟ್ಟು ಸಾಮಾನ್ಯ ಸ್ಪ್ರಿಂಗ್‌ಗೆ ಬಂದರು. ಎಂಜಿನ್ ಒಂಬತ್ತು ಕಿಲೋಗೂ ಹೆಚ್ಚು ಹಗುರವಾಯಿತು. ಅಂಕಿಯ ಪೈಪೋಟಿಯಿಂದ ತಾನಾಗಿ ಹಿಂದೆ ಸರಿದು ರಸ್ತೆಯ ಕಡೆ ತಿರುಗಿದ ನಿರ್ಧಾರ ಇದು.

ನನ್ನ ಅಂದಾಜು ಹೀಗಿದೆ. 400ರಿಂದ 900 ಸಿಸಿ ನಡುವಿನ ರಸ್ತೆಯ ಸ್ಪೋರ್ಟ್ ಬೈಕ್‌ಗಳಲ್ಲಿ ಟ್ವಿನ್ ಸಹಜ ಆಯ್ಕೆಯಾಗಿ ನೆಲೆಯೂರುತ್ತದೆ. ಅದರ ಮೇಲಂಚಿನಲ್ಲಿ 890 ಸಿಸಿಯ ಯಮಹಾ ಆರ್9ರಂಥ ಮೂರು ಸಿಲಿಂಡರ್‌ಗಳು ಫೋರ್‌ನ ಜಾಗದ ಒಂದಂಶವನ್ನು ತುಂಬುತ್ತವೆ. ಸಾವಿರ ಸಿಸಿಯ ಸೂಪರ್‌ಬೈಕ್‌ಗಳಲ್ಲಿ ಫೋರ್ ಅಲುಗಾಡುವುದಿಲ್ಲ. ಅಲ್ಲಿ ಬೇಕಿರುವುದು 200 ಅಶ್ವಶಕ್ತಿ, ಅದಕ್ಕೆ ಸುತ್ತು ಬೇಕೇ ಬೇಕು, ಆ ಖರ್ಚು ಹೊರುವ ಗಿರಾಕಿಯೂ ಇದ್ದಾನೆ. ಚಿಕ್ಕ ಫೋರ್‌ಗಳು ಏಷ್ಯಾದ ಪ್ರೀತಿಯಿಂದ ಬದುಕುತ್ತವೆ. ಝಡ್‌ಎಕ್ಸ್-4ಆರ್ ಜೊತೆಗೆ ಚೀನಾದ ಕೋವ್ 450ಆರ್‌ಆರ್‌ನಂಥವೂ ಬಂದಿರುವುದರಿಂದ ಅವುಗಳ ಬೆಲೆ ಇಳಿಯುವ ಸಾಧ್ಯತೆಯಿದೆ. ಹೆಚ್ಚು ಕಷ್ಟದಲ್ಲಿರುವುದು ನಡುವಿನ 600 ಫೋರ್. ರಸ್ತೆಗೆ ಅತಿ ಚುರುಕು, ಸಾವಿರದ ಮುಂದೆ ಕಡಿಮೆ. ಅದನ್ನು ಉಳಿಸಬಲ್ಲವರು ಟ್ರ್ಯಾಕ್ ಸವಾರರು ಮಾತ್ರ.

ಕೊಳ್ಳುವ ಮುನ್ನ

ಟೆಸ್ಟ್ ರೈಡ್‌ನಲ್ಲಿ ಮೂರನೇ ಗೇರಿನಲ್ಲಿ 4,000 ಆರ್‌ಪಿಎಂನಿಂದ 7,000ದವರೆಗೆ ನಿಧಾನವಾಗಿ ತೆರೆದು ನೋಡಿ. ನಿಮ್ಮ ದಿನನಿತ್ಯದ ಸವಾರಿ ಬಹುಪಾಲು ಅಲ್ಲೇ ನಡೆಯುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡಿಸುವವರು ಫ್ಯಾನ್ ಶುರುವಾದ ಮೇಲೆ ಬಿಸಿಗಾಳಿ ಕಾಲಿಗೆ ಬಡಿಯುತ್ತದೆಯೇ ಎಂದು ಗಮನಿಸಿ. ಇದು ಬೈಕಿನಿಂದ ಬೈಕಿಗೆ ಬೇರೆ. ವಾಲ್ವ್ ಕ್ಲಿಯರೆನ್ಸ್ ಪರೀಕ್ಷೆಯ ಖರ್ಚು ಮೊದಲೇ ಕೇಳಿ, ಹದಿನಾರು ವಾಲ್ವ್‌ಗೆ ಮಜೂರಿಯೂ ಹೆಚ್ಚು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕಿಗೆ ಶೇ 40 ಜಿಎಸ್‌ಟಿ, ಅದರೊಳಗಿನದಕ್ಕೆ ಶೇ 18. ಅಂದರೆ ಇಲ್ಲಿ ಹೇಳಿದ ಎರಡೂ ಬಗೆಗೆ ತೆರಿಗೆ ಒಂದೇ, ಬೆಲೆಯ ವ್ಯತ್ಯಾಸ ಎಂಜಿನ್ನಿನದು ಮತ್ತು ಆಮದಿನದು.

ವರ್ಷಕ್ಕೆ ನಾಲ್ಕಾರು ಸಲವಾದರೂ ಟ್ರ್ಯಾಕಿಗೆ ಹೋಗುವವರು, ಗೇರ್ ಬದಲಿಸುವುದರಲ್ಲೇ ಸುಖ ಕಾಣುವವರು ಫೋರ್ ಕೊಂಡರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಘಾಟಿ, ಹೆದ್ದಾರಿ, ಆಫೀಸು ಮೂರಕ್ಕೂ ಒಂದೇ ಬೈಕು ಬೇಕೆನ್ನುವವರಿಗೆ ಇವತ್ತಿನ 270 ಡಿಗ್ರಿ ಟ್ವಿನ್ ರಾಜಿಯ ಆಯ್ಕೆಯಲ್ಲ. ಅವರು ಓಡಿಸುವ ಸುತ್ತುಗಳಿಗೆಂದೇ ಕಟ್ಟಿದ ಎಂಜಿನ್ ಅದು, ಅದನ್ನು ನೆಮ್ಮದಿಯಿಂದ ಕೊಳ್ಳಬಹುದು.