ಕಸದ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ?

ಒಂದು ಎಕರೆ ಕಸದ ಗುಡ್ಡೆಯ ಮೇಲೆ 50 ಮಿಲಿಮೀಟರ್ ಮಳೆ ಸುರಿಯಿತು ಎನ್ನಿ. ಬಿದ್ದ ನೀರು ಸುಮಾರು 2 ಲಕ್ಷ ಲೀಟರ್. 5 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 40 ಟ್ಯಾಂಕರ್. ಕಡೂರು ಮಳೆನೆರಳಿನ ಸೀಮೆ, ಇಲ್ಲಿ ಅಷ್ಟು ಮಳೆ ಎಲ್ಲಿಂದ ಬರಬೇಕು ಎಂದು ಯಾರಾದರೂ ಕೇಳಬಹುದು. ವರ್ಷದ ಮೊತ್ತ ಕಡಿಮೆ ನಿಜ. ಆದರೆ ಭರಣಿ, ಕೃತ್ತಿಕೆಯಲ್ಲೋ ಹಿಂಗಾರಿನ ಚಿತ್ತೆ, ಸ್ವಾತಿಯಲ್ಲೋ ಗುಡುಗಿ ಬರುವ ಮಳೆ ಒಂದೇ ಸಂಜೆಯಲ್ಲಿ ಹಳ್ಳ ಹರಿಸಿಬಿಡುತ್ತದೆ. ಕಸ ವಿಲೇವಾರಿ ಘಟಕ ಸಿದ್ಧವಾಗಿರಬೇಕಾದದ್ದು ಆ ಒಂದು ಸಂಜೆಗೆ.

ಆ ನೀರು ಹೋಗುವುದೆಲ್ಲಿಗೆ? ಅಯ್ಯನಕೆರೆಯ ಕಡೆಯ ವೇದಾ, ಮದಗದ ಕೆರೆಯ ಕಡೆಯ ಆವತಿ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ವೇದಾವತಿ ಮುಂದೆ ಹಿರಿಯೂರಿನ ವಾಣಿವಿಲಾಸ ಸಾಗರ ಸೇರುತ್ತದೆ. ಅದು ಚಿತ್ರದುರ್ಗ, ಹಿರಿಯೂರಿನ ಜನ ಕುಡಿಯುವ ನೀರು. ತರೀಕೆರೆಯ ಕಡೆಯ ಹಳ್ಳಗಳು ಭದ್ರೆಯ ಪಾಲು. ಎರಡೂ ಕಣಿವೆಗಳ ನಡುವಿನ ಏರು ಅಜ್ಜಂಪುರದ ಬಳಿ ಹಾದುಹೋಗುವುದರಿಂದಲೇ ಭದ್ರಾ ಮೇಲ್ದಂಡೆ ಯೋಜನೆಗೆ ಅಲ್ಲಿ ಸುರಂಗ ಕೊರೆಯಬೇಕಾಯಿತು. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳಲ್ಲಿ ಕಸವನ್ನು ಎಲ್ಲಿ ಸುರಿದರೂ ಅದರ ಕೆಳಗೆ ಯಾರದೋ ಕೆರೆ, ಯಾರದೋ ಕೊಳವೆಬಾವಿ ಇದ್ದೇ ಇರುತ್ತದೆ.

ಮಳೆನೀರು ಕಸದೊಳಗೆ ಇಳಿದರೆ ಅದರ ಗುಣವೇ ಬದಲಾಗುತ್ತದೆ. ಸೊಪ್ಪು, ಅನ್ನ, ಹಣ್ಣಿನ ಸಿಪ್ಪೆ ಗಾಳಿಯಾಡದೆ ಕೊಳೆತಾಗ ಆಮ್ಲಗಳು ಹುಟ್ಟುತ್ತವೆ. ಆಮ್ಲೀಯ ನೀರು ಬ್ಯಾಟರಿ, ಬಣ್ಣದ ಡಬ್ಬಿಗಳಿಂದ ಲೋಹಗಳನ್ನು ಕರಗಿಸಿಕೊಳ್ಳುತ್ತದೆ. ಜೊತೆಗೆ ಅಮೋನಿಯಾ ಸೇರುತ್ತದೆ. ಹೀಗೆ ಇಳಿಯುವ ಕಪ್ಪು ಬಸಿನೀರೇ ಲೀಚೇಟ್. ಹೊಸ ಕಸದ ಲೀಚೇಟಿನಲ್ಲಿ ಸಾವಯವ ಮಾಲಿನ್ಯ ಊರಿನ ಚರಂಡಿ ನೀರಿಗಿಂತ ಹತ್ತಾರು ಪಟ್ಟು ಹೆಚ್ಚಿರಬಲ್ಲದು. ಅದನ್ನು ಶುದ್ಧಮಾಡುವ ಖರ್ಚು ಸಣ್ಣ ಪುರಸಭೆಗೆ ಭಾರ. ಹಾಗಾಗಿ ಲೀಚೇಟ್ ಹುಟ್ಟದಂತೆ ನೋಡಿಕೊಳ್ಳುವುದೇ ಜಾಣತನ, ಮತ್ತು ಆ ಕೆಲಸ ದಿನದಿನವೂ ನಡೆಯಬೇಕು.

ಬೆಳಿಗ್ಗೆ ಆಟೊ ಟಿಪ್ಪರ್‌ಗಳು ಬಂದ ಮೇಲೆ ಹಸಿ ಕಸ ಗೊಬ್ಬರಕ್ಕೆ, ಒಣ ಕಸ ಮರುಬಳಕೆಗೆ ಹೋಗಬೇಕು; ಯಾವುದಕ್ಕೂ ಬಾರದ್ದು ಮಾತ್ರ ಭೂಭರ್ತಿ ಗುಂಡಿಗೆ. ಅಲ್ಲಿ ಕಸವನ್ನು ಎಲ್ಲೆಂದರಲ್ಲಿ ಸುರಿಯದೆ ಒಂದು ಚಿಕ್ಕ ಮೂಲೆಯಲ್ಲಿ ತೆಳುವಾಗಿ ಹರಡಿ ಯಂತ್ರದಿಂದ ಅದುಮಬೇಕು. ಕೆಲಸ ಮುಗಿಸುವ ಮುನ್ನ ಕನಿಷ್ಠ 10 ಸೆಂಟಿಮೀಟರ್ ಮಣ್ಣು ಅಥವಾ ಕಟ್ಟಡದ ಅವಶೇಷ ಮುಚ್ಚಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದ್ದವು. ನೊಣ, ನಾಯಿ, ಬೆಂಕಿ ಮೂರನ್ನೂ ದೂರವಿಡುವ ಈ ಪದರ, ಇಳಿಜಾರು ಸರಿಯಿದ್ದರೆ, ಮಳೆನೀರಿನ ಒಂದು ಪಾಲನ್ನು ಕಸದೊಳಗೆ ಇಳಿಯಗೊಡದೆ ಮೇಲಿಂದಲೇ ಜಾರಿಸುತ್ತದೆ.

ಯಾವ ಮಣ್ಣು ಎಂಬುದೂ ಮುಖ್ಯ. ಎರೆಮಣ್ಣು ನೆನೆದಾಗ ಉಬ್ಬಿ ನೀರು ತಡೆಯುತ್ತದೆ. ಬಿಸಿಲಿಗೆ ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮೊದಲ ಮಳೆ ಆ ಬಿರುಕಿನಲ್ಲೇ ನೇರ ಕಸಕ್ಕಿಳಿಯುತ್ತದೆ. ಕೆಂಪು ಗ್ರಾವೆಲ್ ಬೆರೆಸಿ ಅದುಮಿದರೆ ಬಿರುಕು ಕಡಿಮೆ, ಮಳೆಯಲ್ಲಿ ಗಾಡಿಯ ಚಕ್ರವೂ ಅಷ್ಟಾಗಿ ಹೂತುಹೋಗುವುದಿಲ್ಲ.

ಮುಂಗಾರಿಗೆ ಮುನ್ನ ಪದರ 40ರಿಂದ 65 ಸೆಂಟಿಮೀಟರ್ ದಪ್ಪವಾಗಬೇಕು. ಮೇಲಿನ ಇಳಿಜಾರಿನಿಂದ ಬರುವ ನೀರನ್ನು ಗುಂಡಿಗೆ ತಾಗಿಸದೆ ಸುತ್ತಿ ಸಾಗಿಸುವ ಕಾಲುವೆ, ಬದು ಬೇಕು. ಇಲ್ಲಿಯ ಮುಖ್ಯ ನಿಯಮ ಒಂದೇ: ಕಸ ಮುಟ್ಟಿದ ನೀರು ಬೇರೆ, ಮುಟ್ಟದ ನೀರು ಬೇರೆ. ಮುಟ್ಟದ ನೀರು ಹೂಳು ಇಳಿಸುವ ಹೊಂಡ ದಾಟಿ ಹಳ್ಳಕ್ಕೆ ಹೋಗಬಹುದು. ಮುಟ್ಟಿದ ನೀರನ್ನು ತಳದ ಕೊಳವೆಗಳು ಲೀಚೇಟ್ ತೊಟ್ಟಿಗೆ ತರಬೇಕು. ಅದು ನೆಲಕ್ಕಿಳಿಯದಂತೆ ತಳದಲ್ಲಿ 90 ಸೆಂಟಿಮೀಟರ್ ಜೇಡಿಮಣ್ಣು, ಅದರ ಮೇಲೆ 1.5 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ ಹಾಸಿರಬೇಕು.

ಈ ವ್ಯವಸ್ಥೆ ತಪ್ಪಿದರೆ ಏನಾಗುತ್ತದೆಂಬುದನ್ನು 2019ರ ಆಗಸ್ಟ್‌ನಲ್ಲಿ ಮಂಗಳೂರು ಕಂಡಿತು. ಭಾರಿ ಮಳೆಯಲ್ಲಿ ಪಚ್ಚನಾಡಿಯ ಕಸದ ರಾಶಿ ಕುಸಿದು ಮಂದಾರ ಎಂಬಲ್ಲಿನ ಮನೆ, ಅಡಿಕೆ, ತೆಂಗಿನ ತೋಟಗಳ ಮೇಲೆ ಹರಿಯಿತು. ನೀರು ಕುಡಿದ ಕಸಕ್ಕೆ ತೂಕ ಹೆಚ್ಚುತ್ತದೆ. ಒಳಗಿನ ನೀರಿನ ಒತ್ತಡ ಪದರಗಳ ಹಿಡಿತವನ್ನು ಸಡಿಲಿಸುತ್ತದೆ. ನಮ್ಮ ಸಣ್ಣ ಊರುಗಳ ರಾಶಿ ಅಷ್ಟು ಎತ್ತರವಿಲ್ಲದಿರಬಹುದು, ಆದರೆ ನೀರಿನ ನಿಯಮ ಅದೇ.

ಆದ್ದರಿಂದ ಪುರಸಭೆ, ಪಟ್ಟಣ ಪಂಚಾಯಿತಿಗಳ ಸಭೆಯಲ್ಲಿ ಹೊಸ ಯಂತ್ರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳಿವು: ನಿನ್ನೆ ಸಂಜೆ ಮಣ್ಣು ಮುಚ್ಚಿದ್ದಾರೆಯೇ? ಭರಣಿ ಮಳೆಗೆ ಮುನ್ನ ಕಾಲುವೆಯ ಹೂಳು ತೆಗೆಸಿದ್ದಾರೆಯೇ? ಮಣ್ಣಿಗೆ, ಜೆಸಿಬಿಯ ಡೀಸೆಲ್‌ಗೆ ಹಣ ತೆಗೆದಿಟ್ಟಿದ್ದಾರೆಯೇ? ಮನೆಗಳ ಪಾಲೂ ಇದರಲ್ಲಿದೆ. ಹಸಿ ಕಸ ಬೇರೆ ಕೊಟ್ಟಷ್ಟೂ ಗುಂಡಿಗೆ ಹೋಗುವ ಕೊಳೆ ಕಡಿಮೆ. ಕಾಲುವೆ ಕೆರೆಯುವ ಖರ್ಚು ವರ್ಷಕ್ಕೊಮ್ಮೆ ಬರುತ್ತದೆ. ಕೆಟ್ಟ ಅಂತರ್ಜಲವನ್ನು ಮತ್ತೆ ಕುಡಿಯುವಂತೆ ಮಾಡಲು ದಶಕಗಳೂ ಸಾಲದಿರಬಹುದು.