ಹಳೆಯ ಫೋನು ಗುಜರಿಗೆ ಬೇಡ

ಪ್ರಶ್ನೆ: ಕಚೇರಿಗೆ ಇಂಟರ್ನೆಟ್ ಫೋನ್ ವ್ಯವಸ್ಥೆ ಬಂದಿದೆ. ಹಳೆಯ 40 ತಂತಿ ಫೋನುಗಳನ್ನು ಎಸೆಯಬೇಕೆ?
– ಓದುಗರು, ಪಾಪಿರೆಡ್ಡಿಪಟ್ಟಿ

ಬೇಡ. ಗೋದಾಮು, ಗೇಟು, ತೂಕದ ಮನೆಗಳಿಗೆ ನೆಟ್‌ವರ್ಕ್ ಕೇಬಲ್ 100 ಮೀಟರಿಗೇ ಸುಸ್ತಾಗುತ್ತದೆ. ಹಳೆಯ ಜೋಡಿ ತಂತಿ ಕಿಲೋಮೀಟರ್ ದಾಟಿಯೂ ಮಾತಾಡಿಸುತ್ತದೆ.

ಹಳೆಯ ಫೋನನ್ನು ಹೊಸ ವ್ಯವಸ್ಥೆಗೆ ಜೋಡಿಸಲು ಬೇಕಾದದ್ದು ಎಫ್‌ಎಕ್ಸ್‌ಎಸ್ ಗೇಟ್‌ವೇ. ಫೋನಿಗೆ ವಿದ್ಯುತ್ತು, ಡಯಲ್ ಟೋನು ಕೊಟ್ಟು ಗಂಟೆ ಬಾರಿಸುವುದು ಅದರ ಕೆಲಸ. ಸರ್ಕಾರಿ ದೂರಸಂಪರ್ಕ ಸಂಸ್ಥೆ ಸಿ-ಡಾಟ್ 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಶುರು ಮಾಡಿದ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ ಮಾಡುತ್ತಿದ್ದದ್ದೂ ಇದನ್ನೇ. ಎಫ್‌ಎಕ್ಸ್‌ಒ ಎಂಬುದು ಹೊರಗಿನ ಲೈನಿಗೆ. ಅಂಗಡಿಯಲ್ಲಿ ಒಂದಕ್ಷರ ತಪ್ಪಿದರೆ ದುಡ್ಡು ಹೋಯಿತು.

ಅಗ್ಗವೆಂದು ಎರಡು ಪೋರ್ಟಿನ 20 ಡಬ್ಬಿ ಕೊಂಡರೆ 20 ಅಡಾಪ್ಟರು, 20 ಪಾಸ್‌ವರ್ಡು, ದಿನಾ ತಲೆನೋವು. 24 ಪೋರ್ಟಿನ ಎರಡು ಪೆಟ್ಟಿಗೆ ನನ್ನ ಆಯ್ಕೆ: ಒಂದು ಕೆಟ್ಟರೂ ಅರ್ಧ ಕಚೇರಿ ಮಾತಾಡುತ್ತಿರುತ್ತದೆ, ಎಂಟು ಪೋರ್ಟು ಮಿಗುತ್ತವೆ. ಇಂಥವುಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ 50 ಪಿನ್ನಿನ ಕನೆಕ್ಟರ್ ಇರುತ್ತದೆ. ಅಲ್ಲಿಂದ 25 ಜೋಡಿಯ ಕೇಬಲ್ ಎಳೆದು ಫೋನ್ ತಂತಿಗಳು ಬಂದು ಸೇರುವ ನಿಮ್ಮ ಈಗಿನ ಕ್ರೋನ್ ಪಟ್ಟಿಗೆ ಕೂರಿಸಿದರಾಯಿತು. ಕಟ್ಟಡದ ಹೊರಗೆ ಹೋಗುವ ತಂತಿಗೆ ಸಿಡಿಲು ರಕ್ಷಕ, ಅದಕ್ಕೆ ಸರಿಯಾದ ಅರ್ಥಿಂಗ್ ಬೇಕೇ ಬೇಕು. ಪೆಟ್ಟಿಗೆಗೆ ಯುಪಿಎಸ್ಸೂ ಇರಲಿ. ಕರೆಂಟು ಹೋದರೆ 40 ಫೋನೂ ಒಟ್ಟಿಗೆ ಮೂಕ.

ಬೆರಳಿಟ್ಟು ತಿರುಗಿಸುವ ಫೋನೇನಾದರೂ ಉಳಿದಿದ್ದರೆ, ಪಲ್ಸ್ ಡಯಲಿಂಗ್ ನಡೆಯುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಅನೇಕ ಗೇಟ್‌ವೇಗಳಿಗೆ ಅದು ತಿಳಿಯುವುದಿಲ್ಲ.