ಕೃತಕ ರಕ್ತನಾಳವು ಮೈಗೂಡುವ ಬಗೆ

ಬಾಗಲೂರಿನ ಕೆರೆಯಂಚಿನಲ್ಲಿ ಗೊದಮೊಟ್ಟೆಯ ಬಾಲವು ಕರಗಿ ಕಪ್ಪೆಯಾಗುವುದನ್ನು ನಾವೆಲ್ಲರೂ ಬಲ್ಲೆವಷ್ಟೆ. ಆ ಬಾಲದ ನಾರನ್ನು ಕರಗಿಸುವ ಕಿಣ್ವವನ್ನು 1962ರಲ್ಲಿ ಗ್ರಾಸ್ ಮತ್ತು ಲಾಪಿಯೆರ್ ಎಂಬ ವಿದ್ವಾಂಸರು ಕಂಡುಹಿಡಿದರು. ಸತುವನ್ನೊಳಗೊಂಡ ಇಂಥ ಕಿಣ್ವಗಳು ಮನುಷ್ಯರ ದೇಹದಲ್ಲಿಯೂ ಉಂಟು.

ಮೂತ್ರಪಿಂಡವು ಕೆಟ್ಟವರಲ್ಲಿ ಕೆಲವರಿಗೆ ವೈದ್ಯರು ಡಯಾಲಿಸಿಸ್ಸಿಗಾಗಿ ತೋಳಿನಲ್ಲಿ ಕೃತಕ ನಾಳವೊಂದನ್ನು ಹೊಲಿಯುತ್ತಾರೆ. ಆಗ ಈ ಕಿಣ್ವಗಳು ಹಳೆಯ ನಾರುಗಳನ್ನು ಕತ್ತರಿಸಿ, ಹೊಸ ಜೀವಕೋಶಗಳು ಬಂದು ನೆಲೆಸಲು ದಾರಿ ಬಿಡಿಸುತ್ತವೆ. ಗಾಯವು ಮಾಯುವುದು ಹೀಗೆ. ಆದರೆ ಇವು ಮಿತಿಮೀರಿದರೆ ಸ್ನಾಯುಕೋಶಗಳು ಒಳಪದರಕ್ಕೆ ನುಗ್ಗಿ, ಹೊಲಿಗೆಯ ಬಳಿ ದಪ್ಪಗಟ್ಟಿ, ರಕ್ತದ ದಾರಿಯನ್ನೇ ಕಿರಿದುಮಾಡುತ್ತವೆ. ಕಿಣ್ವಗಳನ್ನು ಪೂರ್ತಿಯಾಗಿ ತಡೆಯೋಣವೆಂದರೆ ಗಾಯವೇ ಮಾಯದು! ಆದಕಾರಣ ಅಂತಹ ನಾಳವುಳ್ಳವರು ಅದರ ಝುಮ್ಮೆನ್ನುವ ಮಿಡಿತವನ್ನು ನಿತ್ಯವೂ ಮುಟ್ಟಿನೋಡಿ, ಅದು ಕುಂದಿದೊಡನೆ ವೈದ್ಯರಿಗೆ ತಿಳಿಸತಕ್ಕದ್ದು.